ಲೇಸರ್ ಅಂದರೆ ಯಾವ ಲೇಸರ್?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ನಡೆದ ಆರೋಗ್ಯ ಗೋಷ್ಠಿಯಲ್ಲಿ, ಈಗ ನೇತ್ರವೈದ್ಯರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಊರಿಗೆ ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ‘ಡಾಕ್ಟ್ರೇ, ಲೇಸರ್ ಮಾಡಿಸಿದ್ರೆ ಸರಿಹೋಗುತ್ತಾ?’ ಅಜ್ಜಿಯ ಪೊರೆಗೂ ಅದೇ ಪ್ರಶ್ನೆ, ಮೊಮ್ಮಗಳ ಕನ್ನಡಕಕ್ಕೂ ಅದೇ, ಸಕ್ಕರೆ ಕಾಯಿಲೆಯ ಯಜಮಾನರ ಮಸುಕಿಗೂ ಅದೇ. ಲೇಸರ್ ಎನ್ನುವುದು ಬೆಳಕಿನ ಒಂದು ಉಪಕರಣ, ಬಡಗಿಯ ಉಳಿಯ ಹಾಗೆ. ಉಳಿ ಹಾಕಿದರೆ ಸರಿಹೋಗುತ್ತಾ ಎಂದು ಯಾರೂ ಬಡಗಿಯನ್ನು ಕೇಳುವುದಿಲ್ಲ. ಬಾಗಿಲೋ ಕಿಟಕಿಯೋ ನೇಗಿಲೋ ಎಂದು ಮೊದಲು ತೋರಿಸುತ್ತಾರೆ. ಕಣ್ಣಿಗೂ ಹಾಗೆಯೇ.

ಹತ್ತನೇ ತರಗತಿಯ ಮಕ್ಕಳಿಗೆ ಇದು ಗೊತ್ತಿರುವ ಪಾಠ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಕಾರ್ನಿಯಾ, ಒಳಗೆ ಮಸೂರ, ಹಿಂದೆ ಅಕ್ಷಿಪಟಲ. ಕಣ್ಣಿನ ಗುಡ್ಡೆ ಸ್ವಲ್ಪ ಉದ್ದವಾಗಿ ಬೆಳೆದರೆ ದೂರದ ವಸ್ತುವಿನ ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೇ ಬಿದ್ದು ಕರಿಹಲಗೆ ಮಸುಕಾಗುತ್ತದೆ. ಇದೇ ಸಮೀಪದೃಷ್ಟಿ, ಇದಕ್ಕೆ ನಿಮ್ನ ಮಸೂರದ ಕನ್ನಡಕ. ಕನ್ನಡಕ ಹಾಕಿದರೆ ನಂಬರು ಏರುತ್ತದೆ ಎಂಬ ಮಾತು ಸುಳ್ಳು. ಮಗು ಬೆಳೆಯುತ್ತಿರುವಾಗ ಕಣ್ಣೂ ಬೆಳೆಯುತ್ತದೆ, ಆದ್ದರಿಂದ ಏರುತ್ತದೆ. ಹೆಣ್ಣುಮಗುವಿಗೆ ಸಂಬಂಧ ಕೂಡಿ ಬರುವುದಿಲ್ಲವೆಂದು ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಆ ಹುಡುಗಿ ಹಿಂದಿನ ಬೆಂಚಿನಲ್ಲಿ ಏನೂ ಕಾಣದೆ ಕೂತು ದಡ್ಡಿ ಅನ್ನಿಸಿಕೊಳ್ಳುತ್ತಾಳೆ. ಶಿಕ್ಷಕರೆ, ಹಲಗೆ ನೋಡದೆ ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುವ ಮಗುವನ್ನು ಗದರಿಸುವ ಮೊದಲು ಅದರ ಕಣ್ಣು ಪರೀಕ್ಷೆ ಮಾಡಿಸಿ. ಇನ್ನು ಮೆಳ್ಳೆಗಣ್ಣು ಅದೃಷ್ಟ ಎನ್ನುವವರಿದ್ದಾರೆ. ಅದೃಷ್ಟವಲ್ಲ. ಏಳೆಂಟು ವರ್ಷದೊಳಗೆ ಚಿಕಿತ್ಸೆ ಶುರುವಾಗದಿದ್ದರೆ ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತದೆ. ಆಮೇಲೆ ದೃಷ್ಟಿ ತರಿಸುವುದು ಬಹಳ ಕಷ್ಟ.

ಈಗ ಯುವಕರು ಕೇಳುವ ಲೇಸರ್‌ಗೆ ಬರೋಣ. ಇದರ ಕಥೆ ಸ್ವಾರಸ್ಯವಾಗಿದೆ. ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಎಂಬ ರಸಾಯನ ವಿಜ್ಞಾನಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿದ್ದರು. 1981ರಲ್ಲಿ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಮರುದಿನ ಪ್ರಯೋಗಾಲಯಕ್ಕೆ ಒಯ್ದು ಎಕ್ಸೈಮರ್ ಲೇಸರ್ ಹಾಯಿಸಿದರು. ಅಕ್ಕಪಕ್ಕ ಸುಡದೆ ಅಂಗಾಂಶ ನಾಜೂಕಾಗಿ ಕೊರೆಯಿತು. ಕಾರ್ನಿಯಾವನ್ನು ಕೆತ್ತಿ ನಂಬರು ತೆಗೆಯುವ ಚಿಕಿತ್ಸೆ ಬೆಳೆದದ್ದು ಅಲ್ಲಿಂದ.

ಕೆಲಸ ಸರಳ: ಕನ್ನಡಕದ ಗಾಜಿನಲ್ಲಿರುವ ವಕ್ರತೆಯನ್ನು ಕಾರ್ನಿಯಾದ ಮೇಲೆಯೇ ಮೂಡಿಸುವುದು. ಪಿಆರ್‌ಕೆ ವಿಧಾನದಲ್ಲಿ ಮೇಲಿನ ತೆಳುಪೊರೆ ಸರಿಸಿ ಕೆತ್ತುತ್ತಾರೆ; ಮೂರು ನಾಲ್ಕು ದಿನ ನೋವು, ದೃಷ್ಟಿ ತಿಳಿಯಾಗಲು ವಾರಗಳು ಬೇಕು. ಲ್ಯಾಸಿಕ್‌ನಲ್ಲಿ ತೆಳುವಾದ ಮುಚ್ಚಳ ಎಬ್ಬಿಸಿ, ಕೆಳಗೆ ಕೆತ್ತಿ, ಮತ್ತೆ ಮುಚ್ಚುತ್ತಾರೆ, ಮರುದಿನವೇ ಕಾಣುತ್ತದೆ. ಆದರೆ ಆ ಮುಚ್ಚಳ ಮೊದಲಿನಷ್ಟು ಗಟ್ಟಿಯಾಗಿ ಕೂಡುವುದಿಲ್ಲ. ಕುಸ್ತಿ, ಕಬಡ್ಡಿ ಆಡುವವರಿಗೆ ಹಲವು ವೈದ್ಯರು ಪಿಆರ್‌ಕೆ ಹೇಳುವುದು ಇದಕ್ಕೇ. ಸ್ಮೈಲ್ ವಿಧಾನದಲ್ಲಿ ಮುಚ್ಚಳವಿಲ್ಲ. ಒಳಗೇ ಒಂದು ತೆಳು ಬಿಲ್ಲೆ ಕತ್ತರಿಸಿ ಕೆಲವೇ ಮಿಲಿಮೀಟರಿನ ಸೀಳಿನಿಂದ ಹೊರತೆಗೆಯುತ್ತಾರೆ. ಕಾರ್ನಿಯಾ ತೆಳುವಾಗಿದ್ದರೆ, ನಂಬರು ತುಂಬ ಹೆಚ್ಚಿದ್ದರೆ, ಲೇಸರ್ ಬಿಟ್ಟು ಕಣ್ಣಿನೊಳಗೆ ಐಸಿಎಲ್ ಎಂಬ ಮಸೂರ ಇಡುವ ದಾರಿಯೂ ಇದೆ.

ಯಾವುದು ಒಳ್ಳೆಯದು ಎಂದು ಕೇಳುತ್ತೀರಿ. ಯಂತ್ರದ ಹೆಸರಿಗಿಂತ ಮೊದಲಿನ ತಪಾಸಣೆ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಕಾರ್ನಿಯಾದ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅಂದರೆ ಅರ್ಧ ಮಿಲಿಮೀಟರ್ ಚಿಲ್ಲರೆ. ಒಂದೊಂದು ನಂಬರಿಗೂ ಅದರಲ್ಲಿ ಹತ್ತು ಹದಿನೈದು ಮೈಕ್ರಾನ್ ಖರ್ಚಾಗುತ್ತದೆ. ಉಳಿದ ಗೋಡೆ ಕಣ್ಣಿನ ಒಳಒತ್ತಡವನ್ನು ಬದುಕಿಡೀ ತಡೆಯಬೇಕು. ಕೆಲವರ ಕಾರ್ನಿಯಾ ಬಲಹೀನ. ಅದು ನಿಧಾನವಾಗಿ ಶಂಕುವಿನಂತೆ ಉಬ್ಬುತ್ತದೆ. ಕೆರಟೋಕೋನಸ್ ಎಂಬ ಈ ರೋಗ ಕಣ್ಣುಜ್ಜಿಕೊಳ್ಳುವ ಹುಡುಗರಲ್ಲಿ ಹೆಚ್ಚು. ಅದರ ಮೇಲೆ ಲ್ಯಾಸಿಕ್ ಮಾಡಿದರೆ ಕನ್ನಡಕದಿಂದಲೂ ಸರಿಯಾಗದಷ್ಟು ದೃಷ್ಟಿ ಕೆಡಬಹುದು. ಆದ್ದರಿಂದ ಕಾರ್ನಿಯಾದ ನಕ್ಷೆ ತೆಗೆಯದೆ ‘ನಾಳೆಯೇ ಮಾಡೋಣ, ಈ ವಾರ ರಿಯಾಯಿತಿ’ ಎನ್ನುವ ಕಡೆಯಿಂದ ಎದ್ದು ಬನ್ನಿ. ಹದಿನೆಂಟು ತುಂಬಿರಬೇಕು, ನಂಬರು ಒಂದು ವರ್ಷವಾದರೂ ನಿಂತಿರಬೇಕು, ಬಸುರಿ ಬಾಣಂತಿಯರಿಗೆ ಬೇಡ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ತಪಾಸಣೆಗೆ ಮುಂಚೆ ವೈದ್ಯರು ಹೇಳಿದಷ್ಟು ದಿನ ಅದನ್ನು ಬಿಟ್ಟಿರಬೇಕು. ಕೆಲವು ತಿಂಗಳು ಕಣ್ಣು ಒಣಗುವುದು, ರಾತ್ರಿ ಎದುರಿನ ಲಾರಿ ದೀಪದ ಸುತ್ತ ಬಳೆ ಕಾಣುವುದು ಇರುತ್ತದೆ.

ನೌಕರಿಗಾಗಿ ಮಾಡಿಸುವವರು ಅಧಿಸೂಚನೆಯ ವೈದ್ಯಕೀಯ ನಿಯಮವನ್ನು ಮೊದಲು ಓದಿ. ರೈಲು ಓಡಿಸುವ ಹುದ್ದೆಗೆ ಲೇಸರ್ ಆದ ಕಣ್ಣನ್ನು ಒಪ್ಪುವುದಿಲ್ಲ; ಸೇನೆಯಲ್ಲಿ ಕೆಲವು ವಿಭಾಗಗಳು ಷರತ್ತಿನ ಮೇಲೆ ಒಪ್ಪುತ್ತವೆ. ಸಾಲ ಮಾಡಿ ಚಿಕಿತ್ಸೆ ಮಾಡಿಸಿಕೊಂಡು, ಅದೇ ಕಾರಣಕ್ಕೆ ಕೆಲಸ ಕಳೆದುಕೊಳ್ಳುವುದು ಬೇಡ.

ಒಂದು ಮಾತು ಜಾಹೀರಾತಿನಲ್ಲಿ ಬರುವುದಿಲ್ಲ. ಲೇಸರ್ ನಂಬರನ್ನು ತೆಗೆಯುತ್ತದೆ, ಕಣ್ಣಿನ ಉದ್ದವನ್ನಲ್ಲ. ಹೆಚ್ಚು ನಂಬರಿನ ಕಣ್ಣಿನ ಅಕ್ಷಿಪಟಲ ತೆಳುವಾಗಿ ಎಳೆದುಕೊಂಡಿರುತ್ತದೆ. ಕನ್ನಡಕ ಹೋದ ಮೇಲೂ ಅದು ಹರಿಯುವ ಭಯ ಹಾಗೇ ಇರುತ್ತದೆ. ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕಿಗಳು ಏಕಾಏಕಿ ಹೆಚ್ಚಿದರೆ, ಪರದೆ ಇಳಿದಂತಾದರೆ ಅದೇ ದಿನ ಆಸ್ಪತ್ರೆಗೆ ಬರಬೇಕು. ಚಿಕಿತ್ಸೆಗೆ ಮುಂಚಿನ ಅಳತೆಯ ಕಾಗದಗಳನ್ನು ಜಮೀನಿನ ಪತ್ರದ ಜೊತೆ ಜೋಪಾನ ಮಾಡಿ. ಅರವತ್ತಕ್ಕೆ ಪೊರೆ ಬಂದಾಗ ಒಳಗಿಡುವ ಮಸೂರದ ಲೆಕ್ಕಕ್ಕೆ ಅವು ನೆರವಾಗುತ್ತವೆ. ನಲವತ್ತು ದಾಟಿದ ಮೇಲೆ ಓದಲು ಕನ್ನಡಕ ಬೇಕೇ ಬೇಕು; ಅದಕ್ಕೇ ನಮ್ಮ ಹಿರಿಯರು ಅದನ್ನು ಚಾಳೀಸು ಎಂದು ಕರೆದರು.

ಹಿರಿಯರ ಪೊರೆಯ ವಿಷಯ ಬೇರೆ. ಒಳಗಿನ ಮಸೂರವೇ ಮಂಜಾಗುವುದು ಪೊರೆ. ನೀವು ‘ಲೇಸರ್ ಆಪರೇಷನ್’ ಎನ್ನುವ ಫೇಕೋ ಬಹುಪಾಲು ಲೇಸರ್ ಅಲ್ಲ. ಶಬ್ದಾತೀತ ಕಂಪನದಿಂದ ಮಸೂರವನ್ನು ಪುಡಿಮಾಡಿ ಹೀರುವುದು. ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡುವ, ಹೊಲಿಗೆಯಿಲ್ಲದ ಶಸ್ತ್ರಚಿಕಿತ್ಸೆಯೂ ಒಳ್ಳೆಯ ದೃಷ್ಟಿಯನ್ನೇ ಕೊಡುತ್ತದೆ. ಡಾ. ಎಂ. ಸಿ. ಮೋದಿಯವರ ಶಿಬಿರಗಳ ಕಾಲದಲ್ಲಿ ಮಸೂರ ತೆಗೆದ ಮೇಲೆ ಸೋಡಾ ಬಾಟಲಿಯಂಥ ಕನ್ನಡಕ ಹಾಕಬೇಕಿತ್ತು. ಈಗ ಒಳಗೇ ಮಸೂರ ಇಡುತ್ತಾರೆ. ಪೊರೆ ಹಣ್ಣಾಗಲಿ ಎಂದು ಕಾಯುವುದು ಆ ಕಾಲದ ಮಾತು. ತೀರಾ ಹಣ್ಣಾದರೆ ಒತ್ತಡ ಏರಿ ಕಣ್ಣೇ ಹೋಗಬಹುದು. ಆಪರೇಷನ್ ಆಗಿ ವರ್ಷಗಳ ನಂತರ ‘ಪೊರೆ ಮತ್ತೆ ಬಂತು’ ಎನ್ನುವವರಿಗೆ ಹಿಂದಿನ ಚೀಲ ಮಂಜಾಗಿರುತ್ತದೆ. ಅದಕ್ಕೆ ನಿಜವಾಗಿ ಲೇಸರ್ ಇದೆ, ಐದು ನಿಮಿಷದ ಕೆಲಸ.

ನನಗೆ ನಿದ್ದೆಗೆಡಿಸುವವು ಎರಡು ರೋಗಗಳು, ಗ್ಲಾಕೋಮಾ ಮತ್ತು ಸಕ್ಕರೆ ಕಾಯಿಲೆಯ ಅಕ್ಷಿಪಟಲ. ಎರಡೂ ನೋವಿಲ್ಲದೆ ಬರುತ್ತವೆ. ಗ್ಲಾಕೋಮಾದಲ್ಲಿ ಅಂಚಿನ ನೋಟ ಹೊಲದ ಬದು ಒತ್ತುವರಿಯಾದಂತೆ ಒಂದೊಂದೇ ಅಂಗುಲ ಹೋಗುತ್ತದೆ, ಹೋದದ್ದು ಬರುವುದಿಲ್ಲ. ಹನಿಯೋ ಲೇಸರೋ ಆಪರೇಷನ್ನೋ, ಉಳಿದದ್ದನ್ನು ಕಾಯಲು ಮಾತ್ರ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಒಡಹುಟ್ಟಿದವರು, ಮಕ್ಕಳು ಎಲ್ಲರೂ ಪರೀಕ್ಷೆ ಮಾಡಿಸಬೇಕು. ಸಕ್ಕರೆ ಇದ್ದವರು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ತೋರಿಸಬೇಕು. ಅಲ್ಲಿಯೂ ಲೇಸರ್ ಇದೆ, ಕಣ್ಣಿನೊಳಗೆ ಚುಚ್ಚುವ ಔಷಧಿಯೂ ಇದೆ, ಸಮಯಕ್ಕೆ ಬಂದರೆ.

ಇದು ಸುಗ್ಗಿಯ ಕಾಲವಾದ್ದರಿಂದ ಇನ್ನೊಂದು. ಭತ್ತದ ಸುಂಕು, ಕಬ್ಬಿನ ಗರಿ ಕಣ್ಣಿಗೆ ತಾಗಿದರೆ ಎದೆಹಾಲು, ಸೊಪ್ಪಿನ ರಸ ಹಾಕಬೇಡಿ. ಅಂಗಡಿಯಿಂದ ಕೇಳಿ ತಂದ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ಶಿಲೀಂಧ್ರದ ಹುಣ್ಣು ಮತ್ತೂ ಕೊರೆಯುತ್ತದೆ. ಹುಣ್ಣು ಮಾಗಿ ಬಿಳಿ ಕಲೆ ಉಳಿದರೆ ಮತ್ತೊಬ್ಬರು ದಾನ ಮಾಡಿದ ಕಾರ್ನಿಯಾಕ್ಕೆ ಕಾಯಬೇಕಾದೀತು.

ಊಟದ ನಂತರ ಎಂಟನೇ ತರಗತಿಯ ಕೊಠಡಿಯಲ್ಲಿ ತಪಾಸಣೆ ಇದೆ. ಸಕ್ಕರೆ ಕಾಯಿಲೆಯವರು ಮೊದಲು ಬನ್ನಿ, ಹಳೆಯ ಚೀಟಿಗಳನ್ನೂ ಕನ್ನಡಕವನ್ನೂ ತನ್ನಿ. ಪಾಪೆಗೆ ಹನಿ ಹಾಕಿದ ಮೇಲೆ ಕೆಲವು ಗಂಟೆ ಮಸುಕಾಗಿರುತ್ತದೆ. ಬೈಕ್ ಓಡಿಸಿಕೊಂಡು ಹೋಗಬೇಡಿ, ಜೊತೆಗೆ ಒಬ್ಬರನ್ನು ಕರೆದುಕೊಂಡೇ ಬನ್ನಿ.