ಟೆಂಪರೇಚರ್ ಮುಳ್ಳು ಹೇಳದ ವಿಷಯ

ಕಾರಿನ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತು ಅಂದ್ರೆ ಇಂಜಿನ್ ಪೂರ್ತಿ ಬಿಸಿಯಾಯ್ತು ಅಂದ್ಕೋತೀವಿ. ಆದರೆ ಆ ಮುಳ್ಳು ತೋರಿಸೋದು ಕೂಲಂಟ್ ಬಿಸಿಯನ್ನ, ಆಯಿಲ್‌ದನ್ನಲ್ಲ. ಆಯಿಲ್ ಬಿಸಿಯಾಗೋದು ಇನ್ನೂ ನಿಧಾನ. ಸಾಮಾನ್ಯವಾಗಿ 90ರಿಂದ 110 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದು ಚೆನ್ನಾಗಿ ಕೆಲಸ ಮಾಡುತ್ತೆ. ತಣ್ಣಗಿದ್ದಾಗ ಆಯಿಲ್ ಮಂದವಾಗಿರುತ್ತೆ. ಆಗ ಆಕ್ಸಿಲರೇಟರ್ ಜೋರಾಗಿ ಒತ್ತಿದ್ರೆ ಇಂಜಿನ್ ಒಳಗಿನ ಭಾಗಗಳು ಬೇಗ ಸವೆಯುತ್ತವೆ.

ದಿನಾ 2 ಕಿಲೋಮೀಟರ್ ಮಾತ್ರ ಓಡಿಸಿ ನಿಲ್ಲಿಸಿದ್ರೆ ಇನ್ನೊಂದು ತೊಂದರೆ. ಆಯಿಲ್‌ಗೆ ಸೇರಿದ ನೀರಿನಂಶ, ಪೆಟ್ರೋಲ್ ಆವಿಯಾಗಿ ಹೋಗಲ್ಲ, ಆಯಿಲ್ ಬೇಗ ಕೆಡುತ್ತೆ.

ಅದಕ್ಕೇ ನಾನು ಮೊದಲ 10 ನಿಮಿಷ ನಿಧಾನವಾಗಿ ಓಡಿಸ್ತೀನಿ. ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇಗೆ ಹೋಗಿ ಬರ್ತೀನಿ. ಕಿಲೋಮೀಟರ್ ಕಡಿಮೆ ಓಡಿದ್ರೂ, ಮ್ಯಾನುಯಲ್ ಹೇಳಿದ ತಿಂಗಳಿಗೆ ಆಯಿಲ್ ಬದಲಾಯಿಸ್ತೀನಿ. ಇಂಜಿನ್ ಕೆಲಸದ ಬಿಲ್‌ಗಿಂತ ಇದು ತುಂಬಾ ಅಗ್ಗ.