ಮನೆಗೊಂದು ಹಣ



ಶ್ರವಣಬೆಳಗೊಳಕ್ಕೆ ಹೋದವರು ಬೆಟ್ಟ ಹತ್ತಿ ಗೊಮ್ಮಟನನ್ನು ನೋಡುತ್ತಾರೆ, ಇಳಿದು ಬಸ್ಸು ಹಿಡಿಯುತ್ತಾರೆ. ಕೆಳಗೆ ಊರೊಳಗಿನ ಭಂಡಾರಿ ಬಸದಿಯ ಕಡೆ ಸುಳಿಯುವವರು ಕಡಿಮೆ. ಅಲ್ಲಿ 1368ರ ಒಂದು ಶಾಸನವಿದೆ. ಧರ್ಮಗಳ ನಡುವೆ ಆಳುವವರು ಹೇಗೆ ನಿಲ್ಲಬೇಕು ಎಂಬ ನಮ್ಮ ಇಂದಿನ ಮಾತನ್ನು ಅಲ್ಲಿಂದ ಶುರು ಮಾಡೋಣ.

ಜಗಳ ಜೈನರಿಗೂ ಶ್ರೀವೈಷ್ಣವರಿಗೂ. ವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಆನೆಗೊಂದಿ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಯ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನಹ ಮಾಡಿಕೊಂಡರು. ಮುಖ್ಯವಾದ ಪ್ರಶ್ನೆ ಪಂಚಮಹಾವಾದ್ಯ ಮತ್ತು ಕಲಶದ್ದು, ಅಂದರೆ ಯಾರ ಉತ್ಸವದಲ್ಲಿ ಯಾವ ವಾದ್ಯ ನುಡಿಸಬಹುದು, ಯಾರಿಗೆ ಯಾವ ಮರ್ಯಾದೆ ಎನ್ನುವುದು. ಮೆರವಣಿಗೆಯ ವಾದ್ಯಕ್ಕಾಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಜಗಳ ನಮ್ಮ ಕಾಲದ್ದೇ ಏನಲ್ಲ ನೋಡಿ.

ಬುಕ್ಕರಾಯ ಎರಡೂ ಕಡೆಯವನಲ್ಲ, ಅವನ ಮನೆತನದ ಅಂಕಿತ ವಿರೂಪಾಕ್ಷ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರನ್ನು ಸೇರಿಸಿ, ಅವರೆದುರಿಗೆ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಜೈನರಿಗೆ ಅವರ ವಾದ್ಯ, ಕಲಶ ಹಿಂದಿನಂತೆಯೇ ಸಲ್ಲಬೇಕು. ಅವರಿಗೆ ಹಾನಿಯಾದರೆ ವೈಷ್ಣವರು ಅದನ್ನು ತಮ್ಮ ಹಾನಿಯೆಂದೇ ತಿಳಿಯಬೇಕು. ತಮಾಷೆಯೆಂದರೆ, ಈ ರಾಜಿಯ ಶಾಸನ ಆರಂಭವಾಗುವುದು ರಾಮಾನುಜರ ಸ್ತುತಿಯಿಂದ. ಪಾಷಂಡರು, ಅಂದರೆ ವೇದ ಒಪ್ಪದವರು, ಎಂಬ ಕಡಲಿಗೆ ಅವರು ಬಡಬಾಗ್ನಿ, ಕಡಲನ್ನೇ ಸುಡುವ ಬೆಂಕಿ, ಎಂಬ ಹೊಗಳಿಕೆ ಅದರಲ್ಲಿದೆ. ಯಾರೂ ತಮ್ಮ ನಂಬಿಕೆಯ ಬಿಗುವನ್ನು ಬಿಟ್ಟುಕೊಟ್ಟಿರಲಿಲ್ಲ. ಅರಸ ಅದನ್ನು ಕೇಳಲೂ ಇಲ್ಲ. ಅವನ ಜಾಣತನ ಇರುವುದು ಅಲ್ಲೇ ಎಂದು ನನಗನ್ನಿಸುತ್ತದೆ.

ಮಾತಿಗಿಂತ ಮುಖ್ಯವಾದದ್ದು ಲೆಕ್ಕ. ಜೈನರು ಮನೆಗೆ ವರ್ಷಕ್ಕೊಂದು ಹಣ, ಅಂದರೆ ಆ ಹೆಸರಿನ ನಾಣ್ಯ, ಕೊಡುವುದು. ಅದನ್ನು ಎತ್ತುವವನು ತಿರುಮಲೆಯ ತಾತಯ್ಯ, ವೈಷ್ಣವ! ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರು. ಮಿಕ್ಕದ್ದು ಜೀರ್ಣ ಜಿನಾಲಯಗಳ ಸುಣ್ಣಬಣ್ಣ, ದುರಸ್ತಿಗೆ. ಜೈನರ ಒಪ್ಪಿಗೆಯಿಂದಲೇ ಎತ್ತಬೇಕು ಎಂಬ ಷರತ್ತೂ ಇತ್ತು. ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಈ ತೀರ್ಪಿನ ಶಾಸನವಿದೆ.

ಆದರೆ ಇದು ಅರಸನ ಕೃಪೆ, ಪ್ರಜೆಯ ಹಕ್ಕಲ್ಲ. ಕೃಪೆಯ ಸ್ವಭಾವ ಟಿಪ್ಪುವಿನ ಕಾಲದಲ್ಲಿ ಚೆನ್ನಾಗಿ ಕಾಣುತ್ತದೆ. 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಲೂಟಿ ಮಾಡಿದಾಗ ಶಾರದೆಯ ಪುನಃಪ್ರತಿಷ್ಠೆಗೆ ನೆರವು ಕಳಿಸಿ, ಜಗದ್ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆಸಿದವನು ಅವನು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದವನೂ ಅವನೇ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವವರು ಎರಡೂ ಕಡೆ ಇದ್ದಾರೆ.

ಟಿಪ್ಪುವಿನ ಬಳಿಕ ಕಂಪನಿ ಸರ್ಕಾರಕ್ಕೆ ದೇವಸ್ಥಾನಗಳ ಆಡಳಿತವೂ ಬಂದು ಸೇರಿತು. ಅದರಿಂದ ಕೈ ತೊಳೆದುಕೊಳ್ಳಲು ಬ್ರಿಟಿಷರು 1863ರಲ್ಲಿ ಕಾಯ್ದೆ ಮಾಡಿ ಸಮಿತಿಗಳಿಗೆ ಒಪ್ಪಿಸಿದರು. ಮೈಸೂರು ಸಂಸ್ಥಾನ ಮಾತ್ರ ಕೈ ಬಿಡಲಿಲ್ಲ. ದೇವಸ್ಥಾನಗಳ ಆ ಆಡಳಿತಕ್ಕಿದ್ದ ಮುಜರಾಯಿ ಎಂಬ ಹೆಸರು ಇಂದಿಗೂ ನಮ್ಮ ಬಾಯಲ್ಲಿದೆ.

1950ರಲ್ಲಿ ಸಂವಿಧಾನ ಬಂತು. 25ನೇ ವಿಧಿ ನಂಬಿಕೆಯನ್ನು ಹಕ್ಕೆಂದಿತು, 26ನೆಯದು ಪಂಥಗಳಿಗೆ ತಮ್ಮ ಧಾರ್ಮಿಕ ವ್ಯವಹಾರ ನೋಡಿಕೊಳ್ಳುವ ಅಧಿಕಾರ ಕೊಟ್ಟಿತು. ಇದರ ಮೊದಲ ದೊಡ್ಡ ಪರೀಕ್ಷೆಗಳಲ್ಲೊಂದು ಉಡುಪಿಯಿಂದ ಹೋಯಿತು. ಆಗ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಕೃಷ್ಣನ ಪೂಜೆ ಎಂಟು ಮಠಗಳಿಗೆ ಎರಡೆರಡು ವರ್ಷ ಸರದಿಯಲ್ಲಿ ಬರುತ್ತದೆ, ಅದೇ ಪರ್ಯಾಯ. ಪರ್ಯಾಯದ ಅನ್ನಸಂತರ್ಪಣೆಯ ಖರ್ಚು ಎಷ್ಟೆಂದು ಆ ಕಡೆಯವರಿಗೆ ಹೇಳಬೇಕಿಲ್ಲ. ಆ ಎಂಟರಲ್ಲೊಂದಾದ ಶಿರೂರು ಮಠಕ್ಕೆ 1931ರ ಪರ್ಯಾಯದಲ್ಲೂ, ಧಾನ್ಯದ ಬೆಲೆ ಏರಿದ್ದ 1946ರ ಪರ್ಯಾಯದಲ್ಲೂ ಸಾಲವಾಯಿತು. ಸಾಲ ನೋಡಿ ಧಾರ್ಮಿಕ ದತ್ತಿ ಮಂಡಳಿ ಆಡಳಿತಕ್ಕೆ ಕೈ ಹಾಕಿತು. ಮಠದ ಸ್ವಾಮಿಗಳಾದ ಲಕ್ಷ್ಮೀಂದ್ರ ತೀರ್ಥರು ಕೋರ್ಟಿಗೆ ಹೋದರು.

1954ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯಾ ತೀರ್ಪು ಬರೆದರು. ಒಂದು ಧರ್ಮಕ್ಕೆ ಯಾವ ಆಚರಣೆ ಅತ್ಯಗತ್ಯ ಎಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು, ಅಧಿಕಾರಿ ಹೇಳಿದಂತಲ್ಲ. ಸರ್ಕಾರದ ಧಾರ್ಮಿಕ ದತ್ತಿ ಕಮಿಷನರು ಹೊತ್ತುಗೊತ್ತಿಲ್ಲದೆ ಗರ್ಭಗುಡಿಯವರೆಗೂ ನುಗ್ಗುವ ಅಧಿಕಾರ ಬಿದ್ದುಹೋಯಿತು. ಆಸ್ತಿಯ ಲೆಕ್ಕಪತ್ರ ಕೇಳುವ ಅಧಿಕಾರವನ್ನು ಮಾತ್ರ ಕೋರ್ಟು ಪೂರ್ತಿ ಕಿತ್ತುಕೊಳ್ಳಲಿಲ್ಲ. ಮುಂದೆ ನ್ಯಾಯಾಧೀಶರೇ ಶಾಸ್ತ್ರ ವಿಚಾರಣೆಗೆ ಕೂರುವ ಪರಿಪಾಠ ಬೆಳೆದದ್ದು ಇದೇ ತೀರ್ಪಿನಿಂದ. ಅದು ಒಳ್ಳೆಯದಾಯಿತೆಂದು ನಾನು ಹೇಳಲಾರೆ.

ತಾತಯ್ಯನ ಲೆಕ್ಕ ಇಲ್ಲೂ ಬಂತು. ಸಂಸ್ಥೆಗಳ ಆದಾಯದಲ್ಲಿ ನೂರಕ್ಕೆ ಐದರವರೆಗೆ ಮದರಾಸು ಸರ್ಕಾರ ಎತ್ತುತ್ತಿದ್ದ ವಂತಿಗೆ ಬೊಕ್ಕಸಕ್ಕೆ ಸೇರುತ್ತಿತ್ತು. ಹಾಗಾಗಿ ಅದು ತೆರಿಗೆ, ರಾಜ್ಯಕ್ಕೆ ಆ ಅಧಿಕಾರವಿಲ್ಲ ಎಂದು ಕೋರ್ಟು ರದ್ದುಮಾಡಿತು. ಅದೇ ತಿಂಗಳು ಒಡಿಶಾದ ಮೊಕದ್ದಮೆಯಲ್ಲಿ ಅಂಥದೇ ವಂತಿಗೆ ಉಳಿಯಿತು: ಅಲ್ಲಿ ದುಡ್ಡು ಪ್ರತ್ಯೇಕ ನಿಧಿಗೆ ಹೋಗಿ ಆ ಸಂಸ್ಥೆಗಳ ಆಡಳಿತಕ್ಕೇ ಖರ್ಚಾಗುತ್ತಿತ್ತು. ವಿಧಾನಸೌಧದಲ್ಲಿ ಹುಂಡಿ ದುಡ್ಡಿನ ಮಾತು ಬಂದಾಗಲೆಲ್ಲ ಎರಡೂ ಪಕ್ಷದವರು ವಾದಿಸುವುದು ಈ ಪ್ರಶ್ನೆಯನ್ನೇ: ಎತ್ತಿದ ಹಣ ಎಲ್ಲಿಗೆ ಹೋಯಿತು?