ಮಾರುವ ಕಲ್ಲು, ಬೀಳುವ ಕಲ್ಲು

(ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿಯ ದರ, ರೇಷ್ಮೆಗೂಡಿನ ಧಾರಣೆ, ಅರಿಶಿನದ ಬೆಲೆ, ಕುಡಿಯುವ ನೀರು ಇಷ್ಟೆಲ್ಲ ವಿಷಯಗಳಿರುವಾಗ ಕಲ್ಲಿನ ಮೇಲೆ ಭಾಷಣವೇಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಅದಕ್ಕೆ ಮೊದಲು ಉತ್ತರ ಕೊಟ್ಟು ಮುಂದೆ ಹೋಗುತ್ತೇವೆ.

ನಮ್ಮ ಮೂರು ತಾಲ್ಲೂಕುಗಳ ಎರಡು ಬದಿಗೂ ಬೆಟ್ಟ. ಯಳಂದೂರಿನಿಂದ ಹೊರಟರೆ ಬಿಳಿಗಿರಿರಂಗನ ಬೆಟ್ಟ. ಹನೂರು, ಕೌದಳ್ಳಿ, ತಾಳಬೆಟ್ಟದ ಮೇಲೆ ಹೋದರೆ ಮಲೆ ಮಹದೇಶ್ವರ ಬೆಟ್ಟ. ಈ ಎರಡು ದಾರಿಗಳಲ್ಲಿ ಹೋಗುವವರು ಯಾರು? ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ, ಅಮಾವಾಸ್ಯೆ ಅಮಾವಾಸ್ಯೆಗೆ ಮಾದಪ್ಪನ ದರ್ಶನಕ್ಕೆ ಹೋಗುವ ಒಕ್ಕಲು ಮಕ್ಕಳು, ಬಸ್ಸಿನ ಚಾಲಕರು ಮತ್ತು ನಿರ್ವಾಹಕರು, ರಸ್ತೆ ಕೆಲಸದ ಕೂಲಿಗಳು, ಪೋಡುಗಳಿಂದ ಸಂತೆಗೂ ಆಸ್ಪತ್ರೆಗೂ ಇಳಿದು ಬರುವ ಸೋಲಿಗರು. ಬೆಟ್ಟದ ಬುಡವನ್ನು ಕಡಿದು ಮಾಡಿದ ತಿರುವಿನಲ್ಲಿ ಬಸ್ಸು ನಿಧಾನವಾಗಿ ಏರುವಾಗ ಮೇಲಿನ ಕಲ್ಲು ನಿಂತೀತೋ ಬಿದ್ದೀತೋ ಎಂಬುದು ಇವರ ಜೀವದ ಪ್ರಶ್ನೆ. ಜೀವದ ಪ್ರಶ್ನೆ ಕೂಲಿಯ ಪ್ರಶ್ನೆಗಿಂತ ಚಿಕ್ಕದೇನಲ್ಲ.

ಇನ್ನು ಎರಡನೆಯ ಮಾತು. ನಮ್ಮ ಜಿಲ್ಲೆಯಲ್ಲಿ ಕಲ್ಲನ್ನು ಬಲ್ಲವರಿಗೆ ಕೊರತೆಯಿಲ್ಲ. ಚಾಮರಾಜನಗರದ ಕರಿಕಲ್ಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಅಂಥ ಕಲ್ಲನ್ನು ಕೊಳ್ಳುವವನು ಅದರ ಬಣ್ಣ ನೋಡುತ್ತಾನೆ, ಬಿರುಕು ನೋಡುತ್ತಾನೆ, ಹೊಳಪು ನೋಡುತ್ತಾನೆ, ನೀರು ಹೀರುತ್ತದೆಯೇ ಎಂದು ಪರೀಕ್ಷೆ ಮಾಡಿಸುತ್ತಾನೆ. ಮಾರುವ ಕಲ್ಲಿಗೆ ಇಷ್ಟು ಪರೀಕ್ಷೆ! ಹಾಗಾದರೆ ಜನರ ತಲೆಯ ಮೇಲೆ ನಿಂತಿರುವ ಕಲ್ಲಿಗೆ ಎಷ್ಟು ಪರೀಕ್ಷೆ ಬೇಕು? ಇಂದಿನ ನಮ್ಮ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಕಲ್ಲು ಹೇಗೆ ಕೆಡುತ್ತದೆ ಎಂಬುದನ್ನು ತಿಳಿಯೋಣ. ಕಲ್ಲೆಂದರೆ ಎಂದೆಂದಿಗೂ ಗಟ್ಟಿ ಎಂಬ ಭಾವನೆ ನಮ್ಮಲ್ಲಿದೆ. ‘ಕಲ್ಲುಗುಂಡಿನ ಹಾಗಿದ್ದಾನೆ’ ಎನ್ನುತ್ತೇವೆ. ಆದರೆ ಕಲ್ಲಿಗೂ ಮುಪ್ಪಿದೆ.

ಬಿಳಿಗಿರಿರಂಗನ ಬೆಟ್ಟದ ಮುಖ್ಯ ಶಿಲೆಗೆ ಭೂವಿಜ್ಞಾನಿಗಳು ಚಾರ್ನೊಕೈಟ್ ಎನ್ನುತ್ತಾರೆ. ಈ ಹೆಸರು ಬಂದ ಬಗೆ ಸ್ವಾರಸ್ಯವಾಗಿದೆ. ಕಲ್ಕತ್ತೆಯಲ್ಲಿ ಕುಂಪಣಿಯ ಅಧಿಕಾರಿಯಾಗಿದ್ದ ಜಾಬ್ ಚಾರ್ನಾಕ್ ಎಂಬವನ ಗೋರಿಯ ಮೇಲಿನ ಕಲ್ಲನ್ನು ನೋಡಿ, ಹಾಲೆಂಡ್ ಎಂಬ ವಿಜ್ಞಾನಿಯು 1893ರಲ್ಲಿ ಆ ಜಾತಿಯ ಕಲ್ಲಿಗೆ ಅವನ ಹೆಸರಿಟ್ಟನು. ನಮ್ಮ ಬೆಟ್ಟಗಳ ಈ ಶಿಲೆಯು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಬೆಂದು ಈಗಿನ ರೂಪಕ್ಕೆ ಬಂದಿತು. 1894ರಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಯವರು ಈ ಕಲ್ಲುಗಳನ್ನು ಹುಡುಕಿ ವಿವರಿಸಿದ್ದಾರೆ. ಅದೇ ಇಲಾಖೆಯ ಬಿ. ರಾಮರಾಯರು ಮೈಸೂರು ಸೀಮೆಯ ಚಾರ್ನೊಕೈಟುಗಳ ಮೇಲೆಯೇ 1945ರಲ್ಲಿ ಒಂದು ಗ್ರಂಥವನ್ನು ಬರೆದರು. ಅಂದರೆ ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಅದು ಗ್ರಂಥಾಲಯದಿಂದ ರಸ್ತೆಯ ಬದಿಗೆ ಬರಬೇಕಾಗಿದೆ, ಅಷ್ಟೆ.

ಈ ಕಲ್ಲಿನ ತುಂಡನ್ನು ಒಡೆದು ಬಿಸಿಲಿಗೆ ಹಿಡಿದರೆ ಅದರಲ್ಲಿ ಹಲವು ಬಗೆಯ ಕಾಳುಗಳು ಕಾಣುತ್ತವೆ. ಗಾಜಿನಂತೆ ಹೊಳೆಯುವುದು ಬೆಣಚು. ಅದು ಸುಲಭವಾಗಿ ಕೆಡುವುದಿಲ್ಲ. ಹೊಳಪಾದ ಚಪ್ಪಟೆ ಮುಖವುಳ್ಳದ್ದು ಫೆಲ್ಡ್‌ಸ್ಪಾರ್. ಕಪ್ಪು ಕಾಳುಗಳಲ್ಲಿ ಕಬ್ಬಿಣವೂ ಮೆಗ್ನೀಸಿಯಮ್ಮೂ ಇವೆ. ಮಳೆಯ ನೀರು ಗಾಳಿಯಿಂದಲೂ ಕೊಳೆತ ಎಲೆಯಿಂದಲೂ ಇಂಗಾಲಾಮ್ಲವನ್ನು ಹೀರಿ ಸ್ವಲ್ಪ ಹುಳಿಯಾಗುತ್ತದೆ. ಈ ನೀರು ಬಿರುಕುಗಳಲ್ಲಿ ಇಳಿದು ಫೆಲ್ಡ್‌ಸ್ಪಾರ್‌ನಲ್ಲಿರುವ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ಕರಗಿಸಿ ಒಯ್ಯುತ್ತದೆ. ಹಿಂದೆ ಉಳಿಯುವುದು ಜೇಡಿಮಣ್ಣು. ಕಬ್ಬಿಣವು ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣ ಬರುತ್ತದೆ. ನಮ್ಮ ಹೊಲದ ಕೆಂಪು ಮಣ್ಣೆಲ್ಲ ಹೀಗೆ ಹುಟ್ಟಿದ್ದೇ. ಅದೇ ಮಣ್ಣಿನಲ್ಲಿ ರಾಗಿ ಬೆಳೆಯುತ್ತೇವೆ. ಅದು ಕಲ್ಲಿನ ಮುಪ್ಪಿನ ವರವೆಂದೇ ಹೇಳಬೇಕು. ಆದರೆ ಹೊಲದಲ್ಲಿ ವರವಾದದ್ದು ಕಡಿದಾದ ಇಳಿಜಾರಿನಲ್ಲಿ ಶಾಪವಾದೀತು. ಹೊರಗಿನಿಂದ ಕಲ್ಲಿನಂತೆಯೇ ಕಾಣುತ್ತ ಒಳಗೆ ಅರ್ಧ ಜೇಡಿಯಾಗಿರುವ ಬಂಡೆಯು, ಬೇಸಗೆಯಲ್ಲಿ ನಿಂತಿದ್ದು, ನೀರು ಕುಡಿದು ಭಾರವಾದಾಗ ಜಾರುತ್ತದೆ.

ಇಲ್ಲಿಯೇ ರಸಾಯನಶಾಸ್ತ್ರದ ಉಪಯೋಗ. ಕಲ್ಲಿನಿಂದ ಎಷ್ಟು ಕ್ಷಾರ ಹೋಗಿದೆ ಎಂಬುದನ್ನು ಅಳೆದರೆ ಕಲ್ಲಿಗೆ ಎಷ್ಟು ಮುಪ್ಪು ಬಂದಿದೆ ಎಂಬುದು ತಿಳಿಯುತ್ತದೆ. 1982ರಲ್ಲಿ ನೆಸ್ಬಿಟ್ ಮತ್ತು ಯಂಗ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೆ ಒಂದು ಸುಲಭವಾದ ಲೆಕ್ಕವನ್ನು ಕೊಟ್ಟರು. ಅಲ್ಯುಮಿನಾ ಎಂಬುದು ಕರಗದೆ ಹಿಂದೆ ಉಳಿಯುವ ವಸ್ತು. ಅದರ ಪಾಲನ್ನು, ಅಲ್ಯುಮಿನಾ ಮತ್ತು ಕರಗಿ ಹೋಗುವ ಆ ಮೂರು ವಸ್ತುಗಳ ಒಟ್ಟು ಪಾಲಿನಿಂದ ಭಾಗಿಸಿ, 100ರಿಂದ ಗುಣಿಸಬೇಕು. ತೂಕದ ಲೆಕ್ಕವಲ್ಲ, ಅಣುಗಳ ಲೆಕ್ಕ. ಕೆಡದ ಫೆಲ್ಡ್‌ಸ್ಪಾರ್‌ನಲ್ಲಿ ಒಂದು ಪಾಲು ಅಲ್ಯುಮಿನಾಕ್ಕೆ ಇವು ಒಂದು ಪಾಲು ಇರುವುದರಿಂದ ಉತ್ತರ 50. ಎಲ್ಲವೂ ಕರಗಿ ಹೋಗಿ ಬರಿಯ ಬಿಳಿ ಜೇಡಿಯಷ್ಟೇ ಉಳಿದರೆ ಉತ್ತರ 100. ಅಂಕಿ 50ರಿಂದ ಮೇಲೆ ಏರಿದಷ್ಟೂ ಕಲ್ಲು ಮಣ್ಣಿನ ಕಡೆಗೆ ನಡೆದಿದೆ ಎಂದರ್ಥ. ಏಳನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕವಿದು. ಕಷ್ಟವಿರುವುದು ಲೆಕ್ಕದಲ್ಲಲ್ಲ, ಕಲ್ಲನ್ನು ಪುಡಿಮಾಡಿ ಎಕ್ಸ್‌ರೇ ಯಂತ್ರದಲ್ಲಿಟ್ಟು ಯಾವ ವಸ್ತು ಎಷ್ಟಿದೆ ಎಂದು ತಿಳಿಯುವುದರಲ್ಲಿ. ಅದಕ್ಕೆ ಬೇಕಾದ ಪ್ರಯೋಗಶಾಲೆ ಬೆಂಗಳೂರಿನಲ್ಲಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಲ್ಲಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನದ ವಿಭಾಗವೇ ಇದೆ. ಬೆಟ್ಟದಿಂದ ಮಾನಸಗಂಗೋತ್ರಿಗೆ ಒಂದು ಚೀಲ ಕಲ್ಲು ಸಾಗಿಸುವುದು ದೊಡ್ಡ ಸಾಹಸವೇನಲ್ಲ.

ಆದರೆ ಒಂದು ಎಚ್ಚರಿಕೆ. ಎಲ್ಲ ಕಲ್ಲಿಗೂ ಒಂದೇ ಅಳತೆಗೋಲನ್ನು ಇಡಲಾಗದು. ನಮ್ಮ ಬೆಟ್ಟಗಳ ಶಿಲೆಯ ನಡುವೆ ಅಲ್ಲಲ್ಲಿ ಗೋಡೆಯ ಹಾಗೆ ಕರಿಕಲ್ಲಿನ ಪಟ್ಟಿಗಳು ನುಗ್ಗಿ ನಿಂತಿವೆ. ಕರಿಕಲ್ಲಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಅದು ಹೊಸದಾಗಿರುವಾಗಲೇ ಅಂಕಿ 50ಕ್ಕಿಂತ ಕೆಳಗಿರುತ್ತದೆ. ಅದರಲ್ಲಿ 50 ಬಂದರೆ ‘ಗಟ್ಟಿಯಾಗಿದೆ’ ಎಂದು ಬರೆದು ಸಹಿ ಹಾಕಿದವನು ಮೋಸಹೋದಂತೆಯೇ. ಆದ್ದರಿಂದ ಹಳಸಿದ ಕಲ್ಲನ್ನು ಅದೇ ಕಲ್ಲಿನ ಹೊಸ ತಿರುಳಿನೊಡನೆ ಹೋಲಿಸಬೇಕು. ಕರಿಕಲ್ಲು ಕೆಟ್ಟಾಗ, ನೀರು ಸರಿಯಾಗಿ ಹರಿದುಹೋಗದ ಕಡೆ, ನೆನೆದರೆ ಉಬ್ಬಿ ಒಣಗಿದರೆ ಬಿರಿಯುವ ಜೇಡಿಯೂ ಹುಟ್ಟಬಹುದು. ಎರೆಹೊಲದವರಿಗೆ ಆ ಮಣ್ಣಿನ ಗುಣವನ್ನು ನಾವು ಹೇಳಿಕೊಡಬೇಕಾಗಿಲ್ಲ. ಮೇಲೆ ಗುಂಡುಬಂಡೆ, ಅದರ ಸುತ್ತ ಇಂಥ ಜೇಡಿ, ಕೆಳಗೆ ರಸ್ತೆ ಇದ್ದರೆ ಅಂಥ ಜಾಗದಲ್ಲಿ ಕಣ್ಣು ಮುಚ್ಚಿಕೊಂಡು ಇರಲಾದೀತೆ?

ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ರಸಾಯನದ ಅಂಕಿ ಮಾತ್ರದಿಂದ ಬೆಟ್ಟದ ಜಾತಕ ಬರೆಯಲು ಬಾರದು. ತುಸುವೂ ಕೆಡದ ಗಟ್ಟಿ ಬಂಡೆಯೂ, ಅದರ ಬಿರುಕು ರಸ್ತೆಯ ಕಡೆಗೆ ವಾಲಿದ್ದರೆ, ಹಲಗೆಯಂತೆ ಜಾರಿ ಬೀಳುತ್ತದೆ. ಬಿರುಕು ಯಾವ ದಿಕ್ಕಿಗಿದೆ, ಇಳಿಜಾರು ಎಷ್ಟು ಕಡಿದು, ನೀರು ಎಲ್ಲಿ ಜಿನುಗುತ್ತದೆ, ಮೇಲೆ ಮರಗಳಿವೆಯೇ ಎಂಬುದೆಲ್ಲ ಸೇರಿ ನಿರ್ಣಯವಾಗಬೇಕು. ವೈದ್ಯನು ನಾಡಿ ಹಿಡಿದು ನೋಡುವುದರ ಜೊತೆಗೆ ರಕ್ತ ಪರೀಕ್ಷೆಯನ್ನೂ ಮಾಡಿಸುತ್ತಾನಲ್ಲವೆ? ಕಲ್ಲಿನ ರಸಾಯನವು ಆ ರಕ್ತ ಪರೀಕ್ಷೆ. ಹೊರಗಿನ ಕಣ್ಣಿಗೆ ಕಾಣದ ಒಳಗಿನ ಕೊಳೆತವನ್ನು ಅದು ತೋರಿಸಿಕೊಡುತ್ತದೆ.

ನಮ್ಮ ಕಡೆ ಮಳೆ ಕಡಿಮೆ, ಇದು ಕೊಡಗಲ್ಲ ಎಂದು ಸಮಾಧಾನ ಹೇಳುವವರುಂಟು. ಮಳೆ ಕಡಿಮೆ ಎಂಬುದು ನಿಜ. ಅದರಿಂದ ಕಲ್ಲಿನ ಮುಪ್ಪು ಇಲ್ಲಿ ಮಲೆನಾಡಿನಷ್ಟು ಆಳಕ್ಕೆ ಇಳಿದಿಲ್ಲದಿರಬಹುದು. ಆದರೆ ನಮ್ಮಲ್ಲಿ ಮಳೆ ಬರುವ ರೀತಿಯೇ ಬೇರೆ. ತಿಂಗಳುಗಟ್ಟಲೆ ಒಣಗಿದ ಇಳಿಜಾರಿನ ಮೇಲೆ ಅಕ್ಟೋಬರಿನಲ್ಲಿ ಒಂದು ರಾತ್ರಿ ಸುರಿದ ಮಳೆ ಬಿರುಕುಗಳನ್ನೆಲ್ಲ ತುಂಬಿಬಿಡುತ್ತದೆ. ಕಲ್ಲು ಬೀಳಲು ವರ್ಷದ ಒಟ್ಟು ಮಳೆ ಬೇಕಿಲ್ಲ, ಅಂಥ ಒಂದು ರಾತ್ರಿ ಸಾಕು. ಮಳೆಯೇ ಬೇಕೆಂಬ ನಿಯಮವೂ ಇಲ್ಲ. ನಮ್ಮ ಜಿಲ್ಲೆಯಲ್ಲಿಯೇ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಗಣಿಯಲ್ಲಿ 2022ರ ಮಾರ್ಚ್‌ನಲ್ಲಿ, ಬೇಸಗೆಯ ಹೊತ್ತಿನಲ್ಲೇ, ಗುಡ್ಡ ಕುಸಿದು ಕಾರ್ಮಿಕರು ಸತ್ತರು.

ಹೊರಗಿನ ಉದಾಹರಣೆಗಳನ್ನೂ ನೋಡೋಣ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಮಡಿಕೇರಿ ಮಂಗಳೂರು ಹೆದ್ದಾರಿ ಕಡಿದುಹೋಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಬುಡ ಕಡಿದ ಗುಡ್ಡವು ರಸ್ತೆಯ ಮೇಲೆಯೇ ಬಂದು ಚಹಾದಂಗಡಿಯನ್ನೂ ಲಾರಿಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ನದಿಯ ತಳದಿಂದ ಒಂದು ಲಾರಿಯನ್ನೂ ಅದರೊಳಗಿದ್ದ ಚಾಲಕನ ದೇಹವನ್ನೂ ಎತ್ತಲು ಎರಡು ತಿಂಗಳ ಮೇಲಾಯಿತು. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರ ಸುಬ್ರಹ್ಮಣ್ಯ ರೈಲು ದಾರಿಯ ಕಡಗರವಳ್ಳಿ ಯಡಕುಮರಿ ನಡುವೆ ನೆಲ ಕುಸಿದು ಹಲವು ದಿನ ರೈಲುಗಳು ನಿಂತವು. ಸತ್ತವರು ಯಾರೆಂದು ನೋಡಿದರೆ ಚಾಲಕರು, ಅಂಗಡಿಯವರು, ಕೂಲಿಗಳು. ಗುಡ್ಡ ಕಡಿಯುವ ಕಾಗದಕ್ಕೆ ಸಹಿ ಹಾಕುವವರು ಗುಡ್ಡದ ಕೆಳಗೆ ಚಹಾ ಮಾರುವುದಿಲ್ಲ.

ಹಾಗಾದರೆ ಇದಕ್ಕೆ ಪರಿಹಾರವೇ ಇಲ್ಲವೆ? ಇದೆ. ಅದನ್ನು ಮಾಡಿ ತೋರಿಸಿದ ಊರೂ ಇದೆ. ಹಾಂಗ್‌ಕಾಂಗ್ ಎಂಬುದು ಬಂಡವಾಳಗಾರರ ಊರೆಂದೇ ಹೆಸರಾದದ್ದು. ಅಲ್ಲಿಯೂ ಬೆಟ್ಟ, ಕೊಳೆತ ಗ್ರಾನೈಟು, ಬಿರುಮಳೆ. 1972ರ ಜೂನ್ 18ರಂದು ಒಂದೇ ದಿನ ಎರಡು ಕಡೆ ಇಳಿಜಾರು ಕುಸಿದು 138 ಜನ ಸತ್ತರು. 1976ರಲ್ಲಿ ಮತ್ತೆ ಕುಸಿಯಿತು. ಜನರ ಸಿಟ್ಟಿಗೆ ಮಣಿದು 1977ರಲ್ಲಿ ಇಳಿಜಾರುಗಳಿಗಾಗಿಯೇ ಒಂದು ಕಚೇರಿಯನ್ನು ತೆರೆಯಲಾಯಿತು. ಅವರು ಕಲ್ಲಿನ ಮುಪ್ಪನ್ನು ಹೊಸದರಿಂದ ಮಣ್ಣಿನವರೆಗೆ ಆರು ದರ್ಜೆಗಳಾಗಿ ವಿಂಗಡಿಸಿದರು. ಮನುಷ್ಯರು ಕಡಿದ ಸುಮಾರು 60,000 ಇಳಿಜಾರುಗಳನ್ನು ಪಟ್ಟಿಮಾಡಿ ಒಂದೊಂದಕ್ಕೂ ನಂಬರು ಕೊಟ್ಟರು. ಇಳಿಜಾರಿನ ಬುಡದಲ್ಲಿ ನಂಬರಿನ ಫಲಕವಿರುತ್ತದೆ. ಅದರ ಜವಾಬ್ದಾರಿ ಯಾರದೆಂದು ದಾರಿಹೋಕನೂ ತಿಳಿಯಬಹುದು. ಬಂಡವಾಳಗಾರರ ಊರಿನಲ್ಲಿ ಆದದ್ದು ಸಮಾಜವಾದದ ಮಾತನ್ನು ಸಂವಿಧಾನದಲ್ಲಿ ಬರೆದುಕೊಂಡ ದೇಶದಲ್ಲಿ ಆಗಬಾರದೇಕೆ?

ನಮ್ಮ ದೇಶದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯೂ ಕುಸಿತದ ಸಂಭವವಿರುವ ಬೆಟ್ಟಪ್ರದೇಶಗಳ ನಕ್ಷೆ ಮಾಡಿದೆ. ಒಳ್ಳೆಯ ಕೆಲಸ. ಆದರೆ ಆ ನಕ್ಷೆಯ ಅಳತೆ 50,000ಕ್ಕೆ ಒಂದು. ಅಂದರೆ ನೆಲದ ಮೇಲಿನ 50 ಮೀಟರು ನಕ್ಷೆಯಲ್ಲಿ ಒಂದು ಮಿಲಿಮೀಟರು. ಬಸ್ಸು ತಿರುಗುವ ಒಂದು ತಿರುವು ಅದರಲ್ಲಿ ಪೆನ್ಸಿಲಿನ ಮೊನೆಯಷ್ಟು. ಬೆಟ್ಟದ ನಕ್ಷೆ ಒಂದು ಕಡೆ, ತಿರುವಿನ ಪರೀಕ್ಷೆ ಇನ್ನೊಂದು ಕಡೆ, ಎರಡೂ ಬೇಕು.

ಆದ್ದರಿಂದ ಈ ಸಭೆಯ ಮುಂದೆ ಐದು ಬೇಡಿಕೆಗಳನ್ನು ಇಡುತ್ತೇವೆ. ಒಂದು, ಮಲೆ ಮಹದೇಶ್ವರ ಬೆಟ್ಟದ ಮತ್ತು ಬಿಳಿಗಿರಿರಂಗನ ಬೆಟ್ಟದ ದಾರಿಗಳಲ್ಲಿ ಕಡಿದ ಪ್ರತಿಯೊಂದು ಇಳಿಜಾರಿಗೂ ನಂಬರು ಹಾಕಬೇಕು. ಎತ್ತರ, ಕಲ್ಲಿನ ಜಾತಿ, ಬಿರುಕಿನ ದಿಕ್ಕು, ನೀರು ಜಿನುಗುವ ಜಾಗ ಎಲ್ಲವೂ ದಾಖಲೆಯಾಗಬೇಕು. ಎರಡು, ರಸ್ತೆ ಅಗಲಿಸುವ ಮೊದಲು ಇಳಿಜಾರಿನ ತಲೆಯಿಂದ ಬುಡದವರೆಗೆ ಕಲ್ಲಿನ ಮಾದರಿ ತೆಗೆದು ಪರೀಕ್ಷೆ ಮಾಡಿಸಬೇಕು. ಅದರ ಖರ್ಚು ಕಾಮಗಾರಿಯ ಅಂದಾಜಿನಲ್ಲಿಯೇ ಸೇರಬೇಕು. ಮೂರು, ವರದಿಯು ಕನ್ನಡದಲ್ಲಿ ಗ್ರಾಮ ಪಂಚಾಯಿತಿಯಲ್ಲಿ ಸಿಗಬೇಕು. ಪೋಡುಗಳ ಬಳಿಯಾದರೆ ಅಲ್ಲಿಯ ಗ್ರಾಮಸಭೆಯ ಮುಂದೆ ಅದನ್ನು ಓದಿ ಹೇಳಬೇಕು. ನಾಲ್ಕು, ಬೆಟ್ಟದ ಮೇಲೆ ಮಳೆಮಾಪಕ ಇಟ್ಟು, ಇಂತಿಷ್ಟು ಮಳೆಯಾದರೆ ಬಸ್ಸುಗಳನ್ನು ಕೆಳಗೇ ನಿಲ್ಲಿಸುವ ನಿಯಮ ಮಾಡಬೇಕು. ಐದು, ಚರಂಡಿ ಬಿಡಿಸಲು, ಬಿರುಕು ನೋಡಲು ಕಾಯಂ ಕೂಲಿಗಳನ್ನು ನೇಮಿಸಬೇಕು. ಬೆಟ್ಟಕ್ಕೆ ದೊಡ್ಡ ಶತ್ರು ಹೂಳು ತುಂಬಿದ ಚರಂಡಿ. ಅದಕ್ಕೆ ಎಕ್ಸ್‌ರೇ ಯಂತ್ರ ಬೇಡ, ಸಲಿಕೆ ಹಿಡಿದ ಮನುಷ್ಯ ಮತ್ತು ಅವನಿಗೆ ತಪ್ಪದ ಸಂಬಳ ಬೇಕು.

ಇಷ್ಟೆಲ್ಲ ಆಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಇಳಿಜಾರಿನ ತಲೆಯ ಮೇಲೆ ಹೊಸ ಬಿರುಕು, ವಾಲಿದ ಮರ ಅಥವಾ ವಿದ್ಯುತ್ ಕಂಬ, ಬುಡದಲ್ಲಿ ಉಬ್ಬಿದ ನೆಲ, ತಿಳಿಯಾಗಿ ಜಿನುಗುತ್ತಿದ್ದ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು ಇವು ನಾಲ್ಕು ಗುರುತುಗಳು. ಕಂಡವರು ಜಾಗ ಮತ್ತು ದಿನಾಂಕ ಬರೆದು ಜಿಲ್ಲಾಧಿಕಾರಿಗಳಿಗೆ ಕೊಡಬೇಕು. 2005ರ ಕಾಯಿದೆಯಂತೆ ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ಅದೇ ವರ್ಷದ ಮಾಹಿತಿ ಹಕ್ಕಿನ ಕಾಯಿದೆಯಂತೆ, ‘ಈ ತಿರುವಿನ ಕಲ್ಲನ್ನು ಪರೀಕ್ಷಿಸಿದ್ದೀರಾ? ವರದಿಯ ಪ್ರತಿ ಕೊಡಿ’ ಎಂದು ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಬರಲೇಬೇಕು. ಆ ಅರ್ಜಿಯನ್ನು ಬರೆಯಲು ಬಾರದವರಿಗೆ ಬರೆದುಕೊಡುವುದು ಕಾರ್ಯಕರ್ತರ ಕೆಲಸ. ಮುಂದಿನ ಜಾತ್ರೆಯೊಳಗೆ ತಾಳಬೆಟ್ಟದಿಂದ ಮೇಲಿನ ತಿರುವುಗಳನ್ನು ನಡೆದು ನೋಡಿ ಪಟ್ಟಿ ಮಾಡೋಣ. ಯಳಂದೂರಿನ ಮಿತ್ರರು ತಮ್ಮ ಬೆಟ್ಟದ ಪಟ್ಟಿ ಮಾಡಲಿ. ಬರುವವರು ಸಭೆ ಮುಗಿದ ಮೇಲೆ ಹೆಸರು ಕೊಡಬೇಕಾಗಿ ಕೋರುತ್ತೇವೆ.